ಬೆವರು ಆರಿದ ಮೇಲೂ ಉಳಿಯುವ ಋಣ

ಕೇಳಬಾರದ ಮಾತೊಂದು ಕೇಳಿಸಿದಾಗ 'ಕಿವಿಗೆ ಕಾದ ಸೀಸ ಹೊಯ್ದಂತಾಯಿತು' ಎನ್ನುವುದು ನಮ್ಮ ರೂಢಿ. ಹಾಗೆನ್ನುವ ನಮ್ಮಲ್ಲಿ ಹೆಚ್ಚಿನವರು ಕಾದ ಸೀಸವನ್ನು ಕಣ್ಣಿಂದಲೂ ಕಂಡಿರುವುದಿಲ್ಲ. ಆದರೆ ದಿನಕ್ಕೆ ಎಂಟು ಹತ್ತು ಗಂಟೆ ಅದರ ಮುಂದೆಯೇ ನಿಂತು ದುಡಿಯುವ ಜನ ನಮ್ಮ ನಡುವೆ ಇದ್ದಾರೆ. ಅವರ ಮನೆಯ ಒಲೆ ಉರಿಯುವುದು ಅದೇ ಸೀಸದಿಂದ. ಬ್ಯಾಟರಿ ಕಾರ್ಖಾನೆಗಳಲ್ಲಿ ಫಲಕ ಎರಕ ಹೊಯ್ಯುವವರು, ಫಲಕಕ್ಕೆ ಸೀಸದ ಆಕ್ಸೈಡಿನ ಹಿಟ್ಟು ಮೆತ್ತುವವರು, ಊರ ಹೊರಗಿನ ಶೆಡ್ಡುಗಳಲ್ಲಿ ಹಳೆಯ ಬ್ಯಾಟರಿಗಳನ್ನು ಕೊಡಲಿಯಿಂದ ಒಡೆದು ಆಮ್ಲ ಬಸಿದು ಒಳಗಿನ ಫಲಕಗಳನ್ನು ಭಟ್ಟಿಗೆ ಹಾಕುವವರು - ಇವರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. ಆದರೆ ಇವರ ದುಡಿಮೆ ನಮ್ಮ ಮನೆಗಳೊಳಗೇ ಇದೆ.

ಜಗತ್ತಿನಲ್ಲಿ ಇಂದು ಬಳಕೆಯಾಗುವ ಸೀಸದಲ್ಲಿ ನೂರಕ್ಕೆ ಸುಮಾರು 85 ಪಾಲು ಬ್ಯಾಟರಿಗಳಿಗೆ ಹೋಗುತ್ತದೆ. ಬೈಕು, ಆಟೋ, ಲಾರಿ, ಟ್ರ್ಯಾಕ್ಟರು, ಆಸ್ಪತ್ರೆಯ ಯುಪಿಎಸ್, ಕರೆಂಟು ಹೋದಾಗ ಮಕ್ಕಳ ಓದಿಗೆ ಬೆಳಕು ಕೊಡುವ ಇನ್ವರ್ಟರ್ - ಎಲ್ಲದರ ಹೊಟ್ಟೆಯಲ್ಲೂ ಸೀಸವಿದೆ. ಸೀಸವನ್ನು ಮತ್ತೆ ಮತ್ತೆ ಕರಗಿಸಿ ಬಳಸಬಹುದಾದ್ದರಿಂದ ಹಳೆಯ ಬ್ಯಾಟರಿ ಗುಜರಿಯವನಿಗೆ ಬೆಲೆಬಾಳುವ ವಸ್ತು. ಲೋಹ ವ್ಯರ್ಥವಾಗದಿರುವುದು ಒಳ್ಳೆಯದೇ. ಆದರೆ ಸೀಸ 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಬಿಸಿ ಇನ್ನಷ್ಟು ಏರಿದರೆ ಅದರ ಹೊಗೆ ಎದ್ದು ಉಸಿರಿನ ದಾರಿ ಹಿಡಿಯುತ್ತದೆ. ಒಣಗಿದ ಹಿಟ್ಟು ಧೂಳಾಗಿ ಅಂಗಿಗೆ, ಉಗುರಿಗೆ, ಊಟದ ಬುತ್ತಿಗೆ ಅಂಟುತ್ತದೆ. ಹೀಗೆ ಒಳಹೊಕ್ಕ ಸೀಸ ನರಗಳನ್ನು, ರಕ್ತವನ್ನು ಕೆಡಿಸುತ್ತದೆ. ಅವುಗಳಷ್ಟು ಸದ್ದಿಲ್ಲದೆ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಇಲ್ಲಿ ನಾವು ಎತ್ತುವ ಪ್ರಶ್ನೆ ವೈದ್ಯಶಾಸ್ತ್ರದ್ದಲ್ಲ, ಅದು ವೈದ್ಯರಿಗೆ ಬಿಟ್ಟದ್ದು. ನಮ್ಮ ಪ್ರಶ್ನೆ ಇಷ್ಟೆ: ಒಬ್ಬ ಮನುಷ್ಯನಿಗೆ ತಿಂಗಳ ಸಂಬಳ ಎಣಿಸಿ ಕೊಟ್ಟ ಬಳಿಕ ಅವನ ಋಣ ತೀರಿತೇ? ಅವನ ದೇಹದಿಂದ ನಾವು ಪಡೆದದ್ದರ ಲೆಕ್ಕ ಇಪ್ಪತ್ತು ವರ್ಷಗಳ ಬಳಿಕ ಎದುರಿಗೆ ಬಂದರೆ, ಆಗ ಸಾಲಗಾರ ಯಾರು?

ಸದ್ದು ಮಾಡದ ಅಂಗ

ಹಲ್ಲು ನೋಯುತ್ತದೆ, ಹೊಟ್ಟೆ ಕಿವುಚುತ್ತದೆ, ಎದೆ ಹಿಡಿಯುತ್ತದೆ. ಮೂತ್ರಪಿಂಡ ಬಹುಕಾಲ ಏನನ್ನೂ ಹೇಳುವುದಿಲ್ಲ. ಅದರ ಶಕ್ತಿಯಲ್ಲಿ ಅರ್ಧದಷ್ಟು ಹೋಗುವ ತನಕ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಸಹ ಸರಿಯಾಗಿಯೇ ಇರುವಂತೆ ತೋರಬಹುದು. ಸೀಸ ಮೊದಲು ಹೊಡೆಯುವುದು ಮೂತ್ರಪಿಂಡದ ಸೂಕ್ಷ್ಮ ನಳಿಕೆಗಳ ಆರಂಭದ ಭಾಗವನ್ನು. ದೇಹಕ್ಕೆ ಬೇಕಾದ ಸಕ್ಕರೆ, ಲವಣ, ಪ್ರೋಟೀನುಗಳನ್ನು ಸೋಸಿದ ನೀರಿನಿಂದ ಮರಳಿ ಹೀರಿಕೊಳ್ಳುವ ಕೆಲಸ ಅಲ್ಲಿ ನಡೆಯುತ್ತದೆ. ಅಲ್ಲಿನ ಜೀವಕೋಶಗಳಲ್ಲಿ ಸೀಸ ಕೂರುತ್ತದೆ. ವರ್ಷಗಳು ಉರುಳಿದಂತೆ ನಳಿಕೆಗಳ ಸುತ್ತಲಿನ ಅಂಗಾಂಶ ಗಾಯದ ಕಲೆಯ ಹಾಗೆ ಗಟ್ಟಿಯಾಗಿ, ಮೂತ್ರಪಿಂಡ ಕುಗ್ಗುತ್ತದೆ. ಈ ಹಾನಿಯನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಎಲುಬಿನ ಕತೆ. ಸೀಸವನ್ನು ದೇಹ ಸುಣ್ಣವೆಂದು ತಪ್ಪು ತಿಳಿಯುತ್ತದೆ. ರಕ್ತದಲ್ಲಿ ಸೀಸದ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಸಾಕು. ಆದರೆ ವಯಸ್ಕನ ಒಡಲಿನ ಸೀಸದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಎಲುಬಿನಲ್ಲಿ ಹೂತು, ದಶಕಗಳ ಕಾಲ ಅಲ್ಲೇ ಇರುತ್ತದೆ. ಕೆಲಸ ಬಿಟ್ಟು ಊರಿಗೆ ಮರಳಿ ಕಿರಾಣಿ ಅಂಗಡಿ ಹಾಕಿಕೊಂಡ ಕಾರ್ಮಿಕನ ರಕ್ತಕ್ಕೆ ಅವನ ಎಲುಬೇ ಹಳೆಯ ಕಾರ್ಖಾನೆಯ ಸೀಸವನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ ಹಂಚುತ್ತಿರುತ್ತದೆ. ಕಾರ್ಖಾನೆಯನ್ನು ಅವನು ಬಿಟ್ಟರೂ ಕಾರ್ಖಾನೆ ಅವನನ್ನು ಬಿಟ್ಟಿರುವುದಿಲ್ಲ.

ಈ ವಿಳಂಬಕ್ಕೆ ಚರಿತ್ರೆಯಲ್ಲಿ ಗಟ್ಟಿಯಾದ ಸಾಕ್ಷಿಯಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮಕ್ಕಳಿಗೆ ಸೀಸದ ವಿಷ ಏರುತ್ತಿರುವುದಕ್ಕೆ ಮನೆಯ ಜಗಲಿಯ ಕಟಕಟೆಗೆ ಹಚ್ಚಿದ ಬಣ್ಣ ಕಾರಣವೆಂದು ಲಾಕ್‌ಹಾರ್ಟ್ ಗಿಬ್ಸನ್ ಎಂಬ ವೈದ್ಯರು 1904ರಲ್ಲಿ ತೋರಿಸಿದರು. ಸುಮಾರು 25 ವರ್ಷಗಳ ಬಳಿಕ, 1929ರಲ್ಲಿ, ಅದೇ ಪ್ರಾಂತದಲ್ಲಿ ಎಳೆಯ ವಯಸ್ಸಿನವರು ಮೂತ್ರಪಿಂಡದ ಕಾಯಿಲೆಯಿಂದ ಹೆಚ್ಚಾಗಿ ಸಾಯುತ್ತಿರುವುದನ್ನು ನೈ ಎಂಬ ಇನ್ನೊಬ್ಬ ವೈದ್ಯರು ಗಮನಿಸಿದರು. 1950ರ ದಶಕದಲ್ಲಿ ಹೆಂಡರ್ಸನ್ ಎಂಬವರು, ಬಾಲ್ಯದಲ್ಲಿ ಸೀಸದ ವಿಷಕ್ಕೆ ಆಸ್ಪತ್ರೆ ಸೇರಿದ್ದವರ ದಾಖಲೆಗಳನ್ನು ಹಿಡಿದು ಅವರ ಮುಂದಿನ ಬದುಕನ್ನು ಹುಡುಕಿದಾಗ ನಂಟು ಸ್ಪಷ್ಟವಾಯಿತು. ಜಗಲಿಯಲ್ಲಿ ಆಡಿದ ಮಗು ಅದರ ಬೆಲೆ ತೆತ್ತದ್ದು ಮೀಸೆ ಬಂದ ಮೇಲೆ.

ಕಾರ್ಖಾನೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸೀಸ ರಕ್ತದೊತ್ತಡವನ್ನು ಏರಿಸುತ್ತದೆ, ಕೀಲುಗಳಲ್ಲಿ ಗೌಟ್ ತರುತ್ತದೆ. ಏರಿದ ರಕ್ತದೊತ್ತಡ ತಾನೂ ಮೂತ್ರಪಿಂಡವನ್ನು ಕೆಡಿಸುತ್ತದೆ. ಐವತ್ತರ ವಯಸ್ಸಿನಲ್ಲಿ ಕಾಲು ಬಾತು ಆಸ್ಪತ್ರೆಗೆ ಬಂದವನ ಚೀಟಿಯಲ್ಲಿ 'ಬಿಪಿಯಿಂದ ಕಿಡ್ನಿ ವೈಫಲ್ಯ' ಎಂದು ಬರೆಯಲಾಗುತ್ತದೆ. ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿ ಸತ್ಯವೂ ಆಗಿರಲಾರದು. ಅಮೆರಿಕದ ನ್ಯೂಜೆರ್ಸಿಯ ವೈದ್ಯ ರಿಚರ್ಡ್ ವೆಡೀನ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ, ಯಾವ ರೋಗಲಕ್ಷಣವೂ ಇಲ್ಲದ ಸೀಸದ ಕಾರ್ಮಿಕರಲ್ಲಿ ಮೂತ್ರಪಿಂಡದ ಶಕ್ತಿ ಕುಂದಿರುವುದನ್ನು ಕಂಡರು. 1983ರಲ್ಲಿ ಅದೇ ತಂಡ ರಕ್ತದೊತ್ತಡದ ರೋಗಿಗಳನ್ನು ಪರೀಕ್ಷಿಸಿದಾಗ, ಮೂತ್ರಪಿಂಡವೂ ಕೆಟ್ಟವರ ದೇಹದಲ್ಲಿ, ಮೂತ್ರಪಿಂಡ ಸರಿಯಿದ್ದವರಿಗಿಂತ ಹೆಚ್ಚು ಸೀಸ ಅಡಗಿತ್ತು. ಹುಡುಕಿದವರಿಗೆ ಕಂಡಿತು. ಹುಡುಕದಿದ್ದರೆ ಅದು ಬಿಪಿಯ ಖಾತೆಗೇ ಜಮೆಯಾಗುತ್ತಿತ್ತು.

ಸೀಸದ ಕೆಲಸ ಮಾಡಿದ ಪ್ರತಿಯೊಬ್ಬನ ಮೂತ್ರಪಿಂಡವೂ ಹಾಳಾಗುತ್ತದೆ ಎಂದಲ್ಲ. ಎಷ್ಟು ಸೀಸ, ಎಷ್ಟು ವರ್ಷ, ಜೊತೆಗೆ ಸಕ್ಕರೆ ಕಾಯಿಲೆ ಇದೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಆದರೆ ಈ ಅನಿಶ್ಚಿತತೆಯೇ ನೈತಿಕ ಪ್ರಶ್ನೆಯನ್ನು ಹರಿತಗೊಳಿಸುತ್ತದೆ. ಯಂತ್ರಕ್ಕೆ ಸಿಕ್ಕಿ ಬೆರಳು ಕತ್ತರಿಸಿದರೆ ನೆಲದ ಮೇಲೆ ರಕ್ತವಿರುತ್ತದೆ, ನೋಡಿದವರಿರುತ್ತಾರೆ, ಆ ದಿನದ ತಾರೀಕಿರುತ್ತದೆ. ಸೀಸದ ಗಾಯಕ್ಕೆ ತಾರೀಕಿಲ್ಲ, ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದ ಅನ್ಯಾಯವನ್ನು ಒಪ್ಪಿಕೊಳ್ಳುವವನು ಮಾತ್ರ ನಿಜವಾದ ನ್ಯಾಯವಂತ.

ತಿಳಿದಿರಲಿಲ್ಲ ಎನ್ನಲಾಗದು

ಈ ಅಪಾಯ ಹೊಸದಾಗಿ ತಿಳಿದದ್ದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಜ್ಜೀನಿ 1700ರಲ್ಲಿ ಕೆಲಸಗಾರರ ರೋಗಗಳ ಬಗೆಗೇ ಒಂದು ಗ್ರಂಥ ಬರೆದು, ಸೀಸದಿಂದ ಮಡಕೆಗೆ ಹೊಳಪು ಕೊಡುವ ಕುಂಬಾರರ ಕೈ ನಡುಗುವುದನ್ನು ದಾಖಲಿಸಿದರು. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಸಾಲಿಗೆ 'ನಿನ್ನ ಕಸುಬೇನು' ಎಂಬುದನ್ನೂ ಸೇರಿಸಬೇಕೆಂದು ವೈದ್ಯರಿಗೆ ಹೇಳಿದವರು ಅವರೇ. ಮುದ್ರಕರಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ 1786ರ ಒಂದು ಪತ್ರದಲ್ಲಿ, ಬಿಸಿ ಮಾಡಿದ ಅಚ್ಚುಮೊಳೆಗಳನ್ನು ಹಿಡಿದು ಕೈಯ ಶಕ್ತಿ ಕಳೆದುಕೊಂಡ ಕೆಲಸಗಾರರ ವಿಷಯ ಬರೆದು, ಉಪಯುಕ್ತವಾದ ಸತ್ಯವೊಂದು ತಿಳಿದ ಮೇಲೂ ಆಚರಣೆಗೆ ಬರಲು ಎಷ್ಟು ಕಾಲ ಬೇಕಾಗುತ್ತದೆಂದು ನಿಟ್ಟುಸಿರು ಬಿಟ್ಟಿದ್ದರು. ಈ ಮಾತು ಕನ್ನಡದ ಬರಹಗಾರರಾದ ನಮಗೂ ತಾಗಬೇಕು. ಆಫ್‌ಸೆಟ್ ಬರುವ ತನಕ ನಮ್ಮ ಪುಸ್ತಕ, ಪತ್ರಿಕೆ, ಮದುವೆಯ ಆಮಂತ್ರಣ ಪತ್ರ ಎಲ್ಲವೂ ಅಚ್ಚಾದದ್ದು ಸೀಸ ಬೆರೆತ ಮೊಳೆಗಳಿಂದ. ಆ ಮೊಳೆಗಳನ್ನು ಎರಕ ಹೊಯ್ದವರ, ಒಂದೊಂದಾಗಿ ಜೋಡಿಸಿದವರ ಆರೋಗ್ಯ ಏನಾಯಿತೆಂದು ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಹುಡುಕಿದರೂ ಸಿಗುವುದಿಲ್ಲ.

1910ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಕಾರ್ಖಾನೆಗಳನ್ನು ಸುತ್ತಿದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಮಾಲಕರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ ಉತ್ತರ, ಕಾರ್ಮಿಕರು ಕೈ ತೊಳೆಯದೆ ಉಣ್ಣುತ್ತಾರೆ, ಅದಕ್ಕೇ ಈ ರೋಗ ಎಂಬುದು. ವಿಷ ಮುಖ್ಯವಾಗಿ ಬರುವುದು ಕಾರ್ಖಾನೆಯ ಗಾಳಿಯಲ್ಲಿರುವ ಧೂಳು ಮತ್ತು ಹೊಗೆಯಿಂದ ಎಂದು ಅವರು ತೋರಿಸಿಕೊಟ್ಟರು. ಅಂದರೆ ಮೊದಲು ಬದಲಾಗಬೇಕಾದದ್ದು ಕಾರ್ಖಾನೆ, ಆಮೇಲೆ ಕಾರ್ಮಿಕನ ಅಭ್ಯಾಸ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಿಳಿ ಸೀಸದ ಬಣ್ಣದ ಮೇಲೆ ಒಡಂಬಡಿಕೆಯನ್ನೇ ಮಾಡಿದ್ದು 1921ರಲ್ಲಿ. ಇಷ್ಟೆಲ್ಲ ಆಗಿ ನೂರು ವರ್ಷ ಕಳೆದರೂ 'ಅವನು ಮಾಸ್ಕ್ ಹಾಕುವುದಿಲ್ಲ ಸ್ವಾಮಿ, ನಾವೇನು ಮಾಡೋಣ' ಎಂಬ ಮಾತು ನಿಂತಿಲ್ಲ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ, ಭಟ್ಟಿಯ ಎದುರು ಎಂಟು ಗಂಟೆ ಮಾಸ್ಕ್ ಹಾಕಿ ನಿಲ್ಲುವುದು ಹೇಗೆಂದು ಹಾಗೆನ್ನುವವರು ಒಂದು ದಿನ ನಿಂತು ನೋಡಬೇಕು.

ಒಪ್ಪಿ ಬಂದವನಲ್ಲವೇ?

ಮಾಲಕರ ಪರವಾಗಿ ಬರುವ ವಾದಗಳಲ್ಲಿ ಬಲವಾದದ್ದು ಒಪ್ಪಿಗೆಯದು. ಯಾರೂ ಅವನನ್ನು ಎಳೆದು ತಂದಿಲ್ಲ. ತಾನೇ ಬಂದ, ಬೇರೆ ಕೆಲಸಕ್ಕಿಂತ ಹೆಚ್ಚು ಕೂಲಿ ಸಿಗುತ್ತದೆಂದು ಬಂದ. ಬೇಡವಾದರೆ ಬಿಟ್ಟುಹೋಗಲು ಸ್ವತಂತ್ರ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಡವನಿಗೂ ತನ್ನ ಬದುಕಿನ ನಿರ್ಧಾರ ತಾನೇ ಮಾಡುವ ಹಕ್ಕಿದೆ. ಮೀನುಗಾರ ಕಡಲಿಗಿಳಿಯುತ್ತಾನೆ, ಅಡಿಕೆ ಕೊಯ್ಯುವವನು ಮರ ಏರುತ್ತಾನೆ. ಅಪಾಯವಿಲ್ಲದ ದುಡಿಮೆ ಎಲ್ಲಿದೆ?

ಆದರೆ ಕಡಲಿಗಿಳಿಯುವವನಿಗೆ ಕಡಲು ಕಾಣುತ್ತದೆ, ಮರ ಏರುವವನಿಗೆ ನೆಲ ಎಷ್ಟು ಕೆಳಗಿದೆಯೆಂದು ಗೊತ್ತು. ಸೀಸದ ಭಟ್ಟಿಯ ಮುಂದೆ ನಿಂತವನಿಗೆ ತನ್ನ ಎಲುಬಿನೊಳಗೆ ಏನು ಕೂಡಿಬೀಳುತ್ತಿದೆಯೆಂದು ಕಾಣುವುದಿಲ್ಲ. ತನ್ನ ರಕ್ತದ ಸೀಸವನ್ನು ಒಮ್ಮೆಯೂ ಅಳೆಸಿರದವನು ಒಪ್ಪಿದ್ದು ಯಾವುದಕ್ಕೆ? ಒಪ್ಪಿಗೆ ಒಪ್ಪಿಗೆಯಾಗಬೇಕಾದರೆ ಎರಡು ಬೇಕು: ತಿಳಿವಳಿಕೆ ಮತ್ತು ಬೇಡ ಎನ್ನುವ ಶಕ್ತಿ. ಮನೆಯಲ್ಲಿ ಅಕ್ಕಿ ಮುಗಿದವನಿಗೆ ಎರಡನೆಯದಿಲ್ಲ, ಯಾರೂ ಹೇಳದಿದ್ದರೆ ಮೊದಲನೆಯದೂ ಇಲ್ಲ. ಇನ್ನೊಂದು ಮಾತು. ಅವನ ಅಂಗಿಯ ಧೂಳು ಮನೆಗೆ ಹೋಗುತ್ತದೆ. ಸಂಜೆ ಓಡಿಬಂದು ಅಪ್ಪನ ಕುತ್ತಿಗೆಗೆ ಜೋತುಬೀಳುವ ಮಗು ಯಾವ ಕರಾರಿಗೂ ಸಹಿ ಹಾಕಿಲ್ಲ. ಆ ಧೂಳು ಎಳೆಯ ಮಿದುಳಿಗೆ ದೊಡ್ಡವರಿಗಿಂತ ಹೆಚ್ಚು ಹಾನಿ ಮಾಡುತ್ತದೆ.

ಹಲವು ಕಡೆ ಕಾರ್ಮಿಕರಿಗೆ ಹಾಲು, ಬೆಲ್ಲ, ಬಾಳೆಹಣ್ಣು ಕೊಡುವ ಪದ್ಧತಿಯಿದೆ. ಕೊಡುವವರ ಮನಸ್ಸು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ದೇಹದಲ್ಲಿ ಕಬ್ಬಿಣ ಮತ್ತು ಕ್ಯಾಲ್ಸಿಯಂ ಕಡಿಮೆಯಿದ್ದರೆ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ ಎಂಬುದು ನಿಜವಾದ್ದರಿಂದ ಒಳ್ಳೆಯ ಆಹಾರಕ್ಕೆ ಅದರದೇ ಬೆಲೆಯಿದೆ. ಆದರೆ ಶ್ವಾಸಕೋಶದಿಂದ ಹೋದ ಹೊಗೆಯನ್ನು ಒಂದು ಲೋಟ ಹಾಲು ತೊಳೆಯಲಾರದು. ಹೊಗೆಯನ್ನು ಹುಟ್ಟಿದಲ್ಲೇ ಎಳೆದು ಸೋಸುವ ಕೊಳವೆಗೆ ಲಕ್ಷಗಟ್ಟಲೆ ಖರ್ಚು, ಹಾಲಿಗೆ ಕೆಲವೇ ರೂಪಾಯಿ. ಈ ವ್ಯತ್ಯಾಸವನ್ನು ಮರೆಸುವುದಾದರೆ ಹಾಲು ಔದಾರ್ಯದ ವೇಷ ತೊಟ್ಟ ಜಿಪುಣತನವಾಗುತ್ತದೆ.

ಸೀಸವನ್ನು ದೂರ ಮಾಡುವುದೇ, ಮನುಷ್ಯನನ್ನು ದೂರ ಮಾಡುವುದೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಯಿತು. ಜಾನ್ಸನ್ ಕಂಟ್ರೋಲ್ಸ್ ಎಂಬ ಬ್ಯಾಟರಿ ಕಂಪೆನಿ 1982ರಲ್ಲಿ, ಹೆರುವ ಸಾಮರ್ಥ್ಯವಿರುವ ಮಹಿಳೆಯರಿಗೆ ಸೀಸದ ಕೆಲಸ ಕೊಡುವುದಿಲ್ಲವೆಂದು ನಿಯಮ ಮಾಡಿತು. ಹುಟ್ಟಲಿರುವ ಮಗುವಿನ ರಕ್ಷಣೆ ಅದರ ಕಾರಣ. ಕೇಳಲು ಕರುಣೆಯ ಮಾತು. ಆದರೆ ಸೀಸ ಗಂಡಸರ ಸಂತಾನಶಕ್ತಿಯನ್ನೂ ಕುಂದಿಸುತ್ತದೆ, ಗಂಡಸರ ಮೂತ್ರಪಿಂಡವೇನೂ ಕಬ್ಬಿಣದ್ದಲ್ಲ. 1991ರಲ್ಲಿ ನ್ಯಾಯಾಲಯ ಆ ನಿಯಮ ಲಿಂಗ ತಾರತಮ್ಯವೆಂದು ತೀರ್ಪಿತ್ತಿತು. ಅದಕ್ಕೂ ಮೊದಲು, 1978ರಲ್ಲಿ, ಪಶ್ಚಿಮ ವರ್ಜೀನಿಯಾದ ಇನ್ನೊಂದು ಕಾರ್ಖಾನೆಯ ಸೀಸದ ಬಣ್ಣದ ವಿಭಾಗದಲ್ಲಿ ಇಂಥದೇ ನಿಯಮ ಬಂದಾಗ ಐದು ಮಂದಿ ಹೆಂಗಸರು ಕೆಲಸ ಉಳಿಸಿಕೊಳ್ಳಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಅವರೂ 'ಒಪ್ಪಿದವರೇ'. ಹಸಿವು ಮುಂದೆ ನಿಂತಾಗ ಒಪ್ಪಿಗೆ ಎಲ್ಲಿಯ ತನಕ ಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಪರೀಕ್ಷೆ ಯಾರ ಪರ?

ರಕ್ತ ಪರೀಕ್ಷೆ ಮಾಡಿಸಿದರೆ ಸಮಸ್ಯೆ ಮುಗಿಯಿತೇ? ಇಲ್ಲ. ಫಲಿತಾಂಶ ಯಾರ ಕೈಗೆ ಹೋಗುತ್ತದೆ, ಅದರಿಂದ ಮುಂದೇನಾಗುತ್ತದೆ ಎಂಬುದರ ಮೇಲೆ ಪರೀಕ್ಷೆಯ ಪುಣ್ಯಪಾಪ ನಿಂತಿದೆ. ಸೀಸ ಹೆಚ್ಚಿದೆಯೆಂದು ಚೀಟಿ ಬಂದ ಮರುದಿನವೇ 'ನಾಳೆಯಿಂದ ಬರಬೇಡ' ಎಂದರೆ, ಕಾರ್ಮಿಕನಿಗೆ ಪರೀಕ್ಷೆಯೇ ಶತ್ರುವಾಗುತ್ತದೆ. ಅವನು ಕೈಯ ಸೋಲನ್ನು, ಹೊಟ್ಟೆನೋವನ್ನು ಮುಚ್ಚಿಡುತ್ತಾನೆ, ಪರೀಕ್ಷೆಯ ದಿನ ರಜೆ ಹಾಕುತ್ತಾನೆ. ಆಗ ಅವನಿಗೆ ಅರಿವಿಲ್ಲವೆಂದು ಬೈಯುವುದು ಸುಲಭ. ನಿಜವಾಗಿ ಅವನು ಲೆಕ್ಕ ಸರಿಯಾಗಿಯೇ ಹಾಕಿರುತ್ತಾನೆ: ಕಿಡ್ನಿ ಹೋಗುವುದು ಎಂದೋ, ಕೂಲಿ ಹೋಗುವುದು ಇಂದೇ.

ಈ ಗಂಟನ್ನು ಬಿಚ್ಚಿದ್ದು ಅಮೆರಿಕದ ಸರಕಾರ 1978ರಲ್ಲಿ ತಂದ ಸೀಸದ ನಿಯಮ. 100 ಗ್ರಾಂ ರಕ್ತದಲ್ಲಿ 60 ಮೈಕ್ರೋಗ್ರಾಂ ಸೀಸ ಕಂಡರೆ ಕಾರ್ಮಿಕನನ್ನು ಆ ಜಾಗದಿಂದ ತೆಗೆಯಬೇಕು, 40ಕ್ಕಿಂತ ಕೆಳಗಿಳಿಯುವ ತನಕ ಮರಳಿ ಕಳಿಸಬಾರದು. ಮಹತ್ವದ ಮಾತು ಮುಂದಿದೆ. ಆ ಅವಧಿಯಲ್ಲಿ, ಹದಿನೆಂಟು ತಿಂಗಳವರೆಗೂ, ಅವನ ಗಳಿಕೆ, ಹಿರಿತನ, ಸವಲತ್ತು ಯಾವುದೂ ಕಡಿತವಾಗಬಾರದು. ಉದ್ಯಮಗಳು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವು, 1980ರಲ್ಲಿ ನಿಯಮದ ಮುಖ್ಯ ಭಾಗ ಎತ್ತಿಹಿಡಿಯಲ್ಪಟ್ಟಿತು. ಅದೇ ನಿಯಮ ಇನ್ನೊಂದನ್ನೂ ನಿಷೇಧಿಸಿತು: ದೇಹದ ಸೀಸವನ್ನು ಮೂತ್ರದಲ್ಲಿ ಹೊರಹಾಕುವ ಔಷಧವನ್ನು ಮುಂಜಾಗ್ರತೆಯ ಹೆಸರಿನಲ್ಲಿ ಕಾರ್ಮಿಕನಿಗೆ ಕೊಡುತ್ತಾ ಅವನನ್ನು ಅದೇ ಧೂಳಿನಲ್ಲಿ ದುಡಿಸುವುದು. ಔಷಧ ಇರುವುದು ಮನುಷ್ಯನನ್ನು ಗುಣಪಡಿಸಲು. ಅವನನ್ನು ಮತ್ತಷ್ಟು ವಿಷ ತುಂಬಿಸಿಕೊಳ್ಳುವ ಪಾತ್ರೆಯಾಗಿ ಬರಿದು ಮಾಡಿಡಲು ಅಲ್ಲ. ಜ್ಞಾನ ಮತ್ತು ಅನ್ನ ಎದುರುಬದುರಾಗಿ ನಿಲ್ಲದಂತೆ ನೋಡಿಕೊಳ್ಳುವುದು ಸರಕಾರದ ಕರ್ತವ್ಯವೆಂಬ ತತ್ವ ಇದರಲ್ಲಿದೆ. ಆ ನಿಯಮದ ಅಂಕಿಗಳು ಇಂದಿನ ತಿಳಿವಿಗೆ ಹಳತಾಗಿವೆ, ತತ್ವ ಹಳತಾಗಿಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸರಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯ ಮೊದಲ ಸಾಲಿನಲ್ಲೇ ಸೀಸದ ವಿಷವಿತ್ತು. ಕಾರ್ಖಾನೆಯ ಗಾಳಿಯಲ್ಲಿ ಇರಬಹುದಾದ ಸೀಸಕ್ಕೆ ಆ ಕಾಯ್ದೆಯ ಅನುಸೂಚಿ ಇಟ್ಟ ಮಿತಿ ಒಂದು ಘನ ಮೀಟರಿಗೆ 150 ಮೈಕ್ರೋಗ್ರಾಂ. ಅಮೆರಿಕ 1978ರಲ್ಲಿ ಇಟ್ಟದ್ದು 50. ಕ್ಯಾಲಿಫೋರ್ನಿಯಾ ರಾಜ್ಯ 2025ರ ಜನವರಿಯಿಂದ ಅದನ್ನು 10ಕ್ಕೆ ಇಳಿಸಿತು. ಕ್ಯಾಲಿಫೋರ್ನಿಯಾದವನ ಮೂತ್ರಪಿಂಡಕ್ಕೂ ನಮ್ಮವನ ಮೂತ್ರಪಿಂಡಕ್ಕೂ ಸೃಷ್ಟಿಯಲ್ಲಿ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ನಾವು ಅದಕ್ಕೆ ಕಟ್ಟಿದ ಬೆಲೆಯಲ್ಲಿ.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ವೃತ್ತಿ ಸುರಕ್ಷೆ ಮತ್ತು ಆರೋಗ್ಯ ಸಂಹಿತೆ ಬಂದಿದೆ. ರೋಗಗಳ ಪಟ್ಟಿಯಲ್ಲಿ ಸೀಸ ಉಳಿದಿದೆ. ಆದರೆ ವಿದ್ಯುತ್ ಬಳಸುವ ಘಟಕವೊಂದು ಕಾರ್ಖಾನೆ ಎನಿಸಲು ಹಿಂದೆ 10 ಕಾರ್ಮಿಕರು ಸಾಕಿದ್ದರೆ, ಈಗ 20 ಬೇಕು. ಅಪಾಯದ ಕೆಲಸ ನಡೆಯುವಲ್ಲಿ ಒಬ್ಬನೇ ಕಾರ್ಮಿಕನಿದ್ದರೂ ಸಂಹಿತೆ ಅನ್ವಯಿಸುವಂತೆ ಸರಕಾರ ಅಧಿಸೂಚನೆ ಹೊರಡಿಸಲು ಅವಕಾಶವಿದೆ. ಆ ಅವಕಾಶ ಕಾಗದದಲ್ಲಿ ಉಳಿಯುತ್ತದೋ, ಬ್ಯಾಟರಿ ಒಡೆಯುವ ಶೆಡ್ಡಿನ ಬಾಗಿಲಿಗೆ ಬರುತ್ತದೋ ಎಂಬುದೇ ಪ್ರಶ್ನೆ. ಪರಿಹಾರದ ಕತೆಯೂ ಹೀಗೆಯೇ. 1923ರ ಪರಿಹಾರ ಕಾಯ್ದೆಯಲ್ಲಿ ಸೀಸದ ರೋಗಕ್ಕೆ ಪರಿಹಾರ ಕೇಳಲು ಒಬ್ಬನೇ ಮಾಲಕನ ಬಳಿ ಕನಿಷ್ಠ ಆರು ತಿಂಗಳು ಎಡೆಬಿಡದೆ ದುಡಿದಿರಬೇಕಿತ್ತು. ಕೆಲಸ ಬಿಟ್ಟ ಮೇಲೆ ರೋಗ ಬಂದರೂ, ಆ ಕೆಲಸದಿಂದಲೇ ಬಂತೆಂದು ಸಾಬೀತಾದರೆ ಹಕ್ಕಿತ್ತು. ಆದರೆ ಮೂರು ತಿಂಗಳಿಗೊಮ್ಮೆ ಗುತ್ತಿಗೆದಾರ ಬದಲಾಗುವವನು, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನು ಇಪ್ಪತ್ತು ವರ್ಷದ ಬಳಿಕ ಏನನ್ನು ಸಾಬೀತುಪಡಿಸಬಲ್ಲ? ವಿಷಕ್ಕೆ ದಶಕಗಳ ನೆನಪಿದೆ, ನಮ್ಮ ರಿಜಿಸ್ಟರಿಗೆ ತಿಂಗಳಿನದೂ ಇಲ್ಲ.

ಬದಲಾವಣೆ ಸಾಧ್ಯವೇ ಇಲ್ಲವೆಂದು ಕೈಚೆಲ್ಲುವ ಅಗತ್ಯವಿಲ್ಲ. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಸೀಸದ ವಿಷದ ಮೇಲೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿರುದ್ಧ ದೇಶದಾದ್ಯಂತ ದನಿಯೆತ್ತಿದರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. 2017ರ ನವೆಂಬರಿನಿಂದ ಮನೆಯ ಬಣ್ಣಗಳಲ್ಲಿ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗದ ಮಿತಿ ಬಂತು. ಗಮನಿಸಬೇಕಾದದ್ದು, ಪೆಟ್ರೋಲಿನ ಹೊಗೆ ಎಲ್ಲರ ಮೂಗಿಗೂ, ಗೋಡೆಯ ಬಣ್ಣ ಎಲ್ಲರ ಮಕ್ಕಳಿಗೂ ತಾಗುತ್ತಿತ್ತು. ಭಟ್ಟಿಯ ಹೊಗೆ ತಾಗುವುದು ಅದರ ಮುಂದೆ ನಿಂತವನಿಗೆ ಮತ್ತು ಅವನ ಕೇರಿಗೆ. ಎಲ್ಲರ ನೋವು ಬೇಗ ಕಾನೂನಾಗುತ್ತದೆ, ಕೆಲವರ ನೋವು ಕಾಯುತ್ತದೆ.

ಬೆಲೆಯಲ್ಲಿ ಸೇರದ ಲೆಕ್ಕ

ಸಣ್ಣ ಘಟಕದ ಮಾಲಕನ ಕಷ್ಟವನ್ನೂ ಹೇಳಬೇಕು. ಅವನೂ ಹೆಚ್ಚಾಗಿ ಸಾಲದಲ್ಲಿ ಮುಳುಗಿದವನು, ಹಲವು ಸಲ ತಾನೇ ಭಟ್ಟಿಯ ಬಳಿ ನಿಲ್ಲುವವನು. ಹೊಗೆ ಸೋಸುವ ವ್ಯವಸ್ಥೆ ಹಾಕಿದರೆ ಅವನ ಸೀಸದ ದರ ಏರುತ್ತದೆ, ಪಕ್ಕದ ಶೆಡ್ಡಿನವನು ಏನನ್ನೂ ಹಾಕದೆ ಅಗ್ಗಕ್ಕೆ ಮಾರುತ್ತಾನೆ. ಒಳ್ಳೆಯವನಾಗಿದ್ದುದಕ್ಕೇ ವ್ಯಾಪಾರ ಕಳೆದುಕೊಳ್ಳುವ ಸ್ಥಿತಿ ಇರುವಲ್ಲಿ, ಒಬ್ಬೊಬ್ಬ ಮಾಲಕನಿಗೆ ನೀತಿ ಬೋಧಿಸಿದರೆ ಸಾಲದು. ನಿಯಮ ಎಲ್ಲರಿಗೂ ಒಂದೇ ಆಗಿ ಬಿಗಿಯಾದರೆ ಮಾತ್ರ ಒಳ್ಳೆಯವನು ಬದುಕಿ ಉಳಿಯುತ್ತಾನೆ. ಶೆಡ್ಡುಗಳನ್ನು ಏಕಾಏಕಿ ಮುಚ್ಚಿಸಿದರೆ ಅದೇ ಕೆಲಸ ಇನ್ನಷ್ಟು ಕತ್ತಲೆಯ ಜಾಗಕ್ಕೆ, ಮನೆಯ ಹಿತ್ತಿಲಿಗೆ ಸರಿಯುತ್ತದೆ. ಸೆನೆಗಲ್ ದೇಶದ ಡಕಾರ್ ಬಳಿಯ ಥಿಯಾರಾಯ್ ಎಂಬಲ್ಲಿ, ಜನವಸತಿಯ ನಡುವೆಯೇ ಬ್ಯಾಟರಿ ಒಡೆದು ಸೀಸ ತೆಗೆಯುತ್ತಿದ್ದುದರಿಂದ 2007 ಮತ್ತು 2008ರ ನಡುವೆ 18 ಮಕ್ಕಳು ಸತ್ತರು. ಸರಕಾರ ಕೋಲಿನ ಜೊತೆಗೆ ಸಾಲ, ತರಬೇತಿ, ಸುರಕ್ಷಿತ ಸಾಮೂಹಿಕ ಘಟಕಗಳನ್ನೂ ತರಬೇಕಾಗುತ್ತದೆ.

ಆದರೆ 'ದರ ಏರುತ್ತದೆ' ಎಂಬ ಮಾತನ್ನು ತುಸು ಬಿಡಿಸಿ ನೋಡೋಣ. ಆ ಖರ್ಚು ಈಗ ಇಲ್ಲವೆಂದಲ್ಲ, ಬೇರೆಯವರ ಮನೆಯಲ್ಲಿದೆ. ಮೂತ್ರಪಿಂಡ ಪೂರ್ತಿ ಸೋತವನಿಗೆ ವಾರಕ್ಕೆ ಎರಡೋ ಮೂರೋ ಬಾರಿ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್ ಬೇಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಅದು ಉಚಿತವಾಗಿ ಸಿಗುವಂತಾದದ್ದು ದೊಡ್ಡ ಉಪಕಾರ. ಆದರೆ ಬಸ್ಸಿನ ಖರ್ಚು, ಜೊತೆಗೆ ಬರುವ ಹೆಂಡತಿಯ ಅಥವಾ ಮಗನ ಕಳೆದುಹೋದ ಕೂಲಿ, ಶಾಲೆ ಬಿಟ್ಟ ಮಗಳು - ಇವು ಯಾವ ಯೋಜನೆಯ ಲೆಕ್ಕದಲ್ಲೂ ಇಲ್ಲ. ಬ್ಯಾಟರಿಯ ಬೆಲೆಯಲ್ಲಿ ಇರಬೇಕಿದ್ದ ಮೊತ್ತವನ್ನು ಒಂದು ಪಾಲು ಸರಕಾರಿ ಖಜಾನೆ, ಉಳಿದ ಪಾಲು ಒಂದು ಬಡ ಕುಟುಂಬ ತೆರುತ್ತಿದೆ. ನಾವು ಅಂಗಡಿಯಲ್ಲಿ ಚೌಕಾಸಿ ಮಾಡಿ ಉಳಿಸಿದ ಹಣ ಎಲ್ಲಿಂದ ಬಂತೆಂಬುದಕ್ಕೆ ಉತ್ತರ ಆ ಡಯಾಲಿಸಿಸ್ ಕೋಣೆಯಲ್ಲಿದೆ.

ಕೂಲಿಯವನ ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂಬ ಪ್ರವಾದಿಯವರ ಬೋಧನೆ ನಮ್ಮ ಓದುಗರಿಗೆ ಹೊಸತಲ್ಲ. ದುಡಿಮೆಯನ್ನು ಪೂಜೆಯ ಎತ್ತರಕ್ಕೇರಿಸಿದ ಶರಣರ ನಾಡಿದು, ಕಾಯಕ ಎಂಬ ಪದದೊಳಗೇ ಕಾಯವಿದೆ. ಎರಡೂ ಕಡೆಯ ಮಾತನ್ನು ಕೂಡಿಸಿ ಓದಿದರೆ ನಮಗೆ ತೋರುವುದು ಇದು: ಕೂಲಿ ಎಂಬುದು ಕಾಯ ಮಾಡಿದ ಕೆಲಸದ ಬೆಲೆ, ಕಾಯದ ಬೆಲೆಯಲ್ಲ. ದೇಹವನ್ನು ಬಾಡಿಗೆಗೆ ಪಡೆದವನು ಅದನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು. ಸವೆತ ಸಹಜ, ಆದರೆ ವಿಷ ಸವೆತವಲ್ಲ. ಬೆವರು ಆರುವ ಮುನ್ನ ಕೊಟ್ಟ ಕೂಲಿ ಆ ದಿನದ ಋಣವನ್ನು ತೀರಿಸುತ್ತದೆ. ಎಲುಬಿನಲ್ಲಿ ಹೂತ ಸೀಸದ ಋಣ ಬೆವರು ಆರಿದ ಮೇಲೂ, ಕೆಲಸ ಬಿಟ್ಟ ಮೇಲೂ, ಕಾರ್ಖಾನೆಯ ಹೆಸರು ಬದಲಾದ ಮೇಲೂ ಉಳಿಯುತ್ತದೆ. ಕಾನೂನಿನ ಗಡುವು ಮುಗಿಯಬಹುದು, ಋಣಕ್ಕೆ ಗಡುವಿಲ್ಲ.

ಹಾಗಾದರೆ ನಾವೇನು ಮಾಡಬಹುದು? ಹಳೆಯ ಬ್ಯಾಟರಿಯನ್ನು ಇನ್ನೂರು ರೂಪಾಯಿ ಹೆಚ್ಚಿಗೆ ಸಿಗುತ್ತದೆಂದು ಬೀದಿಯ ಗುಜರಿಗೆ ಕೊಡದೆ ಕಂಪೆನಿಯ ಡೀಲರಿಗೇ ಮರಳಿಸಬಹುದು. ಹಾಗೆ ಮರಳಿ ಸಂಗ್ರಹಿಸುವ ಹೊಣೆಯನ್ನು 2001ರ ನಿಯಮ ಮತ್ತು ಅದರ ಜಾಗಕ್ಕೆ ಬಂದ 2022ರ ನಿಯಮ ಕಂಪೆನಿಗಳ ಮೇಲೆ ಹಾಕಿವೆ. ವೈದ್ಯರಾದವರು ರಮಜ್ಜೀನಿಯ ಪ್ರಶ್ನೆಯನ್ನು ಮರೆಯದೆ ಕೇಳಬಹುದು. 'ಈಗ ಏನು ಕೆಲಸ' ಎಂದಷ್ಟೇ ಅಲ್ಲ, 'ಇಪ್ಪತ್ತು ವರ್ಷದ ಹಿಂದೆ ಏನು ಕೆಲಸ ಮಾಡುತ್ತಿದ್ದೆ' ಎಂದೂ ಕೇಳಬೇಕು. ಕಾರ್ಮಿಕ ಸಂಘಗಳು ಬೋನಸ್ಸಿನ ಬೇಡಿಕೆಯ ಜೊತೆಗೆ ಕೂಲಿ ಕಡಿತವಿಲ್ಲದ ರಕ್ತ ಪರೀಕ್ಷೆಯನ್ನೂ, ಅದರ ಫಲಿತಾಂಶದ ಪ್ರತಿಯನ್ನೂ ಕೇಳಬೇಕು. ಕೆಲಸದ ಬಟ್ಟೆ ಕಾರ್ಖಾನೆಯಲ್ಲೇ ಉಳಿಯಲು, ಸ್ನಾನ ಮಾಡಿ ಮನೆಗೆ ಹೋಗಲು ವ್ಯವಸ್ಥೆ ಮಾಡುವುದು ದೊಡ್ಡ ಖರ್ಚಿನ ಮಾತಲ್ಲ. ಮಸೀದಿ, ಮಠ, ಚರ್ಚುಗಳು ನಡೆಸುವ ಆರೋಗ್ಯ ಶಿಬಿರಗಳು ಕಣ್ಣು ಮತ್ತು ಸಕ್ಕರೆಯ ಪರೀಕ್ಷೆಗೇ ನಿಲ್ಲದೆ ಇಂಥ ಕೇರಿಗಳಲ್ಲಿ ರಕ್ತದೊತ್ತಡ, ಮೂತ್ರಪಿಂಡ ಮತ್ತು ಸೀಸದ ಪರೀಕ್ಷೆಗೂ ನೆರವಾಗಬಹುದು. ರೋಗಿಗೆ ಡಯಾಲಿಸಿಸ್ಸಿಗೆಂದು ಚಂದಾ ಎತ್ತುವುದು ಪುಣ್ಯದ ಕೆಲಸವೇ ಸರಿ. ಅದೇ ಶ್ರದ್ಧೆಯನ್ನು ಹತ್ತು ವರ್ಷ ಮೊದಲು ತೋರಿದರೆ ಚಂದಾ ಬೇಕಾಗದಿರಬಹುದು.

ಬ್ಯಾಟರಿ ಬೇಡವೆಂದು ನಾವು ಹೇಳುತ್ತಿಲ್ಲ. ಬೆಳಕು ಎಲ್ಲರಿಗೂ ಬೇಕು, ಭಟ್ಟಿಯ ಮುಂದೆ ನಿಂತವನ ಮಕ್ಕಳ ಓದಿಗೂ ಬೇಕು. ಆ ಬೆಳಕಿನ ಪೂರ್ತಿ ಬೆಲೆಯನ್ನು ಬಳಸುವವರೇ ತೆರಬೇಕು, ಅದರಲ್ಲಿ ಒಂದು ಪಾಲನ್ನು ಇನ್ನೊಬ್ಬನ ಎಲುಬಿಗೂ ಮೂತ್ರಪಿಂಡಕ್ಕೂ ಗುಟ್ಟಾಗಿ ದಾಟಿಸಬಾರದು ಎಂಬುದಷ್ಟೇ ನಮ್ಮ ಬೇಡಿಕೆ. ಈ ಲೆಕ್ಕವನ್ನು ಕೇಳಲು ಬರುವ ಹೊತ್ತಿಗೆ ಕೇಳಬೇಕಾದವನಿಗೆ ದನಿ ಉಳಿದಿರುವುದಿಲ್ಲ. ಆದ್ದರಿಂದ ಅವನಿಗಿನ್ನೂ ಮೈಯಲ್ಲಿ ಕಸುವಿರುವಾಗಲೇ ಅವನ ಪರವಾಗಿ ಕೇಳುವ ಹೊಣೆ ಉಳಿದವರ ಮೇಲಿದೆ.